ಕಲ್ಯಾಣದ ಶರಣ ಹರಳಯ್ಯ

ಬೀದರ ಜಿಲ್ಲೆಯ ಕೊಹಿನೂರ, ಹುಮನಾಬಾದ ಸೀಮೆಯವರಿಗೆ ಬಸವಕಲ್ಯಾಣ ನೆರೆಯ ಊರು. ಹನ್ನೆರಡನೆಯ ಶತಮಾನದಲ್ಲಿ ಅದು ಕಲಚುರಿ ಬಿಜ್ಜಳನ ರಾಜಧಾನಿಯಾಗಿತ್ತು. ಬಸವಣ್ಣನವರು ಅವನ ಭಂಡಾರಿಯಾಗಿದ್ದರು. ಪಾದರಕ್ಷೆ ಹೊಲಿದು ಬಾಳುತ್ತಿದ್ದ ಸಮಗಾರ ಹರಳಯ್ಯನವರು ಪತ್ನಿ ಕಲ್ಯಾಣಮ್ಮನವರೊಡನೆ ಅಲ್ಲಿ ವಾಸವಾಗಿದ್ದರು.

ಶರಣ ಪರಂಪರೆ ಹೇಳುವಂತೆ, ಒಮ್ಮೆ ಹರಳಯ್ಯನವರು ದಾರಿಯಲ್ಲಿ ಬಸವಣ್ಣನವರಿಗೆ ಶರಣು ಎಂದರು. ಬಸವಣ್ಣನವರು ಅದಕ್ಕೆ ಎರಡು ಬಾರಿ ಶರಣೆಂದು ಮರುವಂದನೆ ಸಲ್ಲಿಸಿದರು. ಹೆಚ್ಚಾಗಿ ಬಂದ ಆ ಒಂದು ಶರಣು ತಮ್ಮ ಮೇಲಿನ ಋಣವೆಂದು ಹರಳಯ್ಯನವರು ಕಳವಳಪಟ್ಟರು. ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಅರ್ಪಿಸಿದರು. ಬಸವಣ್ಣನವರು ಅವನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತು ಮರಳಿಸಿದರಂತೆ.

ಮುಂದೆ ಹರಳಯ್ಯನವರ ಮಗ ಶೀಲವಂತನಿಗೆ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರ ಮಗಳನ್ನು ಕೊಟ್ಟು ವಿವಾಹ ಮಾಡಲಾಯಿತು. ಶರಣರಾದ ಮೇಲೆ ಹುಟ್ಟಿನ ಭೇದ ಉಳಿಯದೆಂಬ ಮಾತು ಅಂದು ಬೀಗತನವಾಯಿತು. ಸಂಪ್ರದಾಯಸ್ಥರು ವರ್ಣಸಂಕರವಾಯಿತೆಂದು ಬಿಜ್ಜಳನಲ್ಲಿ ದೂರಿತ್ತರು. ಅರಸನು ತಂದೆಯರಿಬ್ಬರನ್ನೂ ಅಪರಾಧಿಗಳೆಂದು ತೀರ್ಮಾನಿಸಿದನು. ಅವರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿ ಕೊಲ್ಲಿಸಿದನೆಂದು ಪರಂಪರೆ ಹೇಳುತ್ತದೆ. ಇದಕ್ಕೆ ಎಳೆಹೂಟೆ ಎಂದು ಹೆಸರು.

ಕಲ್ಯಾಣ ಹೊತ್ತಿ ಉರಿಯಿತು. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು. ಶರಣರು ದಿಕ್ಕುಪಾಲಾದರು, ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು, ಚೆನ್ನಬಸವಣ್ಣನವರು ಉಳವಿ ಸೇರಿದರು. ಗಿರೀಶ ಕಾರ್ನಾಡರ ತಲೆದಂಡ ನಾಟಕಕ್ಕೆ ಈ ದುರಂತವೇ ವಸ್ತು.

ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸ್ ನಗರವು ಎಪ್ಪತ್ತರ ವೃದ್ಧ ಸಾಕ್ರಟೀಸನಿಗೆ ವಿಷದ ಬಟ್ಟಲು ಕೊಟ್ಟಿತು. ಪಟ್ಟಣದ ದೇವತೆಗಳನ್ನು ಮನ್ನಿಸದೆ ಯುವಕರನ್ನು ಕೆಡಿಸಿದನೆಂಬುದು ಆತನ ಮೇಲಿನ ಆರೋಪ. ಸೆರೆಯಿಂದ ಪಾರಾಗಲು ಮಿತ್ರರು ದಾರಿ ಮಾಡಿದರೂ ಆತ ಒಪ್ಪಲಿಲ್ಲ. ಆತನ ವಿಚಾರಣೆಯ ವಿವರವನ್ನು ಶಿಷ್ಯ ಪ್ಲೇಟೋ ಬರೆದಿಟ್ಟನು. ಹರಳಯ್ಯನವರು ವಿಚಾರಣೆಯಲ್ಲಿ ಆಡಿದ ಮಾತು ನಮಗೆ ಉಳಿದಿಲ್ಲ. ಉಳಿದಿರುವುದು ಅವರು ನಡೆಸಿದ ಮದುವೆ. ಸಾಕ್ರಟೀಸನು ಕೇಳಿದ ಪ್ರಶ್ನೆಗಳಿಗಾಗಿ ಸತ್ತರೆ, ಹರಳಯ್ಯನವರು ಮನೆಗೆ ಸೊಸೆ ತಂದುದಕ್ಕಾಗಿ ಸತ್ತರು.

ದೇವರ ಮುಂದೆ ಎಲ್ಲರೂ ಸಮಾನರೆಂದು ಹೇಳುವುದು ಸುಲಭ. ಮಕ್ಕಳ ಸಂಬಂಧ ಕುದುರಿಸುವಾಗ ಮೆಲ್ಲನೆ ಜಾತಿ ವಿಚಾರಿಸುವ ರೂಢಿ ನಮ್ಮ ಕ್ರೈಸ್ತ ಕುಟುಂಬಗಳನ್ನೂ ಪೂರ್ತಿ ಬಿಟ್ಟಿಲ್ಲ. ಹರಳಯ್ಯನವರ ಬಾಳು ಪ್ರಶ್ನಿಸುವುದು ನಮ್ಮ ಹೊಸ್ತಿಲಿನ ಒಳಗಿನ ಆ ಮಾತನ್ನೇ.