ಹೆನ್ರಿ ಮೆಕ್‌ಮಹೋನ್

ಸರ್ ಆರ್ಥರ್ ಹೆನ್ರಿ ಮೆಕ್‌ಮಹೋನ್ (ನವೆಂಬರ್ ೨೮, ೧೮೬೨ – ಡಿಸೆಂಬರ್ ೨೯, ೧೯೪೯) ಬ್ರಿಟಿಷ್ ಭಾರತದ ಸೇನಾಧಿಕಾರಿ, ಗಡಿ ಸಮೀಕ್ಷಕ ಹಾಗೂ ರಾಜತಂತ್ರಜ್ಞ. ಭಾರತ ಸರ್ಕಾರದ ವಿದೇಶಾಂಗ ಕಾರ್ಯದರ್ಶಿಯಾಗಿಯೂ ಅನಂತರ ಈಜಿಪ್ಟಿನಲ್ಲಿ ಬ್ರಿಟನ್ನಿನ ಹೈಕಮಿಷನರ್ ಆಗಿಯೂ ಸೇವೆ ಸಲ್ಲಿಸಿದರು. ಭಾರತೀಯರಿಗೆ ಇವರ ಹೆಸರು ಪರಿಚಿತವಾಗಿರುವುದು ಟಿಬೆಟ್ಟಿನ ಗಡಿಯಲ್ಲಿ ಎಳೆಯಲಾದ ಮೆಕ್‌ಮಹೋನ್ ರೇಖೆಯಿಂದ. ಪಶ್ಚಿಮ ಏಷ್ಯಾದ ಚರಿತ್ರೆಯಲ್ಲಿ ಇವರು ನೆನಪಾಗುವುದು ಬೇರೊಂದು ಕಾರಣಕ್ಕೆ. ೧೯೧೫–೧೬ರಲ್ಲಿ ಮೆಕ್ಕಾದ ಷರೀಫ್ ಹುಸೇನ್ ಬಿನ್ ಅಲಿಯೊಡನೆ ಇವರು ನಡೆಸಿದ ಪತ್ರವ್ಯವಹಾರದಲ್ಲಿ ಪ್ಯಾಲೆಸ್ಟೈನನ್ನು ಅರಬರಿಗೆ ವಾಗ್ದಾನ ಮಾಡಲಾಗಿತ್ತೇ ಎಂಬ ಪ್ರಶ್ನೆ ಇಂದಿಗೂ ಇಸ್ರೇಲ್–ಪ್ಯಾಲೆಸ್ಟೈನ್ ಕುರಿತ ರಾಜಕೀಯ ಬರಹಗಳಲ್ಲಿ ವಾದಗ್ರಸ್ತವಾಗಿದೆ.

ಜನನ ಮತ್ತು ಆರಂಭದ ವೃತ್ತಿಜೀವನ

ಮೆಕ್‌ಮಹೋನ್ ಹುಟ್ಟಿದ್ದು ಸಿಮ್ಲಾದಲ್ಲಿ. ತಂದೆ ಚಾರ್ಲ್ಸ್ ಅಲೆಕ್ಸಾಂಡರ್ ಮೆಕ್‌ಮಹೋನ್ ಪಂಜಾಬಿನಲ್ಲಿ ಕಮಿಷನರ್ ಆಗಿದ್ದವರು, ಭೂವಿಜ್ಞಾನಿ ಎಂದೂ ಹೆಸರು ಪಡೆದವರು. ಮಗನ ವಿದ್ಯಾಭ್ಯಾಸ ಇಂಗ್ಲೆಂಡಿನ ಹೇಲಿಬರಿ ಕಾಲೇಜು ಹಾಗೂ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ನಡೆಯಿತು. ಸೈನ್ಯ ಸೇರಿದ ಕೆಲವೇ ವರ್ಷಗಳಲ್ಲಿ ಅವರು ಭಾರತದ ರಾಜಕೀಯ ಇಲಾಖೆಗೆ ವರ್ಗವಾದರು. ಮುಂದಿನ ಬದುಕೆಲ್ಲ ಗಡಿಗಳ ಸಹವಾಸದಲ್ಲಿಯೇ ಕಳೆಯಿತೆನ್ನಬಹುದು.

೧೮೯೩ರಲ್ಲಿ ಮಾರ್ಟಿಮರ್ ಡ್ಯೂರಾಂಡ್ ಕಾಬೂಲಿಗೆ ಹೋದಾಗ ಮೆಕ್‌ಮಹೋನ್ ಜೊತೆಗಿದ್ದರು. ೧೮೯೪ರಿಂದ ೧೮೯೬ರವರೆಗೆ ಬಲೂಚಿಸ್ತಾನ–ಅಫ್ಘಾನಿಸ್ತಾನದ ಗಡಿಯನ್ನು ನೆಲದ ಮೇಲೆ ಗುರುತಿಸಿದರು. ಆ ಮರುಭೂಮಿಯ ಪ್ರಾಣಿಸಂಕುಲವನ್ನೂ ಆಸಕ್ತಿಯಿಂದ ಸಂಗ್ರಹಿಸಿದ್ದರಿಂದ, ಅಲ್ಲಿನ ಒಂದು ವಿಷಸರ್ಪಕ್ಕೆ ವಿಜ್ಞಾನಿಗಳು ಅವರದೇ ಹೆಸರಿಟ್ಟಿದ್ದಾರೆ. ಗಿಲ್ಗಿಟ್, ಸ್ವಾತ್, ಚಿತ್ರಾಲ್‌ಗಳಲ್ಲಿ ರಾಜಕೀಯ ಏಜೆಂಟರಾಗಿದ್ದು, ೧೯೦೩ರಿಂದ ೧೯೦೫ರವರೆಗೆ ಪರ್ಷಿಯಾ ಮತ್ತು ಅಫ್ಘಾನಿಸ್ತಾನಗಳ ನಡುವಿನ ಸೀಸ್ತಾನ್ ವಿವಾದದಲ್ಲಿ ಮಧ್ಯಸ್ಥರಾದರು. ಹೆಲ್ಮಂದ್ ನದಿಯ ನೀರಿನ ಮೂರನೆಯ ಒಂದು ಭಾಗ ಪರ್ಷಿಯಾಕ್ಕೆ ಎಂದು ಅವರು ಕೊಟ್ಟ ತೀರ್ಪನ್ನು ಪರ್ಷಿಯಾ ಒಪ್ಪಲಿಲ್ಲ. ಆ ನೀರಿನ ಜಗಳ ಇಂದಿಗೂ ಮುಗಿದಿಲ್ಲ.

೧೯೧೧ರಲ್ಲಿ ಅವರು ಭಾರತ ಸರ್ಕಾರದ ವಿದೇಶಾಂಗ ಕಾರ್ಯದರ್ಶಿಯಾದರು.

ಸಿಮ್ಲಾ ಸಮ್ಮೇಳನ

೧೯೧೩ರ ಅಕ್ಟೋಬರಿನಲ್ಲಿ ಆರಂಭವಾದ ಸಿಮ್ಲಾ ಸಮ್ಮೇಳನದಲ್ಲಿ ಬ್ರಿಟನ್, ಚೀನಾ ಮತ್ತು ಟಿಬೆಟ್ ಪ್ರತಿನಿಧಿಗಳು ಸೇರಿದ್ದರು. ೧೯೧೪ರ ಮಾರ್ಚ್ ೨೪ ಮತ್ತು ೨೫ರಂದು ಮೆಕ್‌ಮಹೋನ್ ಮತ್ತು ಟಿಬೆಟ್ಟಿನ ಲೋನ್‌ಚೆನ್ ಶಾತ್ರಾ ದೆಹಲಿಯಲ್ಲಿ ಪತ್ರಗಳನ್ನು ವಿನಿಮಯ ಮಾಡಿಕೊಂಡು ಹಿಮಾಲಯದ ಪೂರ್ವ ಗಡಿಯನ್ನು ನಕ್ಷೆಯ ಮೇಲೆ ಒಪ್ಪಿದರು. ಚೀನಾದ ಪ್ರತಿನಿಧಿ ಸಮ್ಮೇಳನದ ಕರಡಿಗೆ ಏಪ್ರಿಲಿನಲ್ಲಿ ಕಿರುಸಹಿ ಹಾಕಿದರೂ ಅವರ ಸರ್ಕಾರ ಅದನ್ನು ತಿರಸ್ಕರಿಸಿತು. ಈ ಒಪ್ಪಂದ ಬಹುಕಾಲ ಕಡತದಲ್ಲಿಯೇ ಉಳಿಯಿತು. ಐಚಿಸನ್ನನ ಒಪ್ಪಂದಗಳ ಸಂಗ್ರಹದ ೧೯೨೯ರ ಸಂಪುಟದಲ್ಲಿ ಅದರ ಪೂರ್ಣಪಾಠವಿರಲಿಲ್ಲ. ೧೯೩೮ರಲ್ಲಿ ಪಾಠವನ್ನು ಸೇರಿಸಿ, ೧೯೨೯ ಎಂಬ ಹಳೆಯ ಇಸವಿಯನ್ನೇ ಉಳಿಸಿ ಸಂಪುಟವನ್ನು ಮರುಮುದ್ರಿಸಲಾಯಿತು. ಹಳೆಯ ಪ್ರತಿಗಳನ್ನು ಹಿಂದಕ್ಕೆ ಪಡೆಯಲಾಯಿತು. ಅಳಿದುಳಿದ ಒಂದು ಹಳೆಯ ಪ್ರತಿ ಹಾರ್ವರ್ಡ್ ಗ್ರಂಥಾಲಯದಲ್ಲಿ ದೊರೆತಾಗ ಈ ಸಂಗತಿ ಬಯಲಾಯಿತು. ಇದರಲ್ಲಿ ಮೆಕ್‌ಮಹೋನರ ಪಾತ್ರವಿಲ್ಲ. ಅವರು ನಿವೃತ್ತರಾಗಿ ವರ್ಷಗಳೇ ಕಳೆದಿದ್ದವು.

ಈಜಿಪ್ಟ್

ಮೊದಲ ಮಹಾಯುದ್ಧದಲ್ಲಿ ತುರ್ಕಿ ಜರ್ಮನಿಯ ಪಕ್ಷ ಸೇರಿದ ಮೇಲೆ, ೧೯೧೪ರ ಡಿಸೆಂಬರಿನಲ್ಲಿ ಬ್ರಿಟನ್ ಈಜಿಪ್ಟನ್ನು ತನ್ನ ರಕ್ಷಿತ ರಾಜ್ಯವೆಂದು ಘೋಷಿಸಿತು. ಯುದ್ಧಮಂತ್ರಿಯಾಗಿದ್ದ ಲಾರ್ಡ್ ಕಿಚನರ್ ಮರಳಿ ಬರುವವರೆಗೆ ಸ್ಥಾನ ಕಾಯ್ದಿರಲಿ ಎಂಬ ಭಾವನೆಯಿಂದ ೧೯೧೫ರ ಜನವರಿಯಲ್ಲಿ ಮೆಕ್‌ಮಹೋನರನ್ನು ಕೈರೋಗೆ ಕಳುಹಿಸಲಾಯಿತು. ಭಾರತದ ಗಡಿಗಳನ್ನು ಬಲ್ಲ ಅಧಿಕಾರಿಗೆ ಅರಬ್ ನಾಡು ಹೊಸದು. ಅರಬ್ಬಿ ಪತ್ರಗಳಿಗಾಗಿ ಅವರು ಪೌರ್ವಾತ್ಯ ಕಾರ್ಯದರ್ಶಿ ರೊನಾಲ್ಡ್ ಸ್ಟೋರ್ಸ್ ಮತ್ತು ಅವರ ಸಹಾಯಕರನ್ನು ನೆಚ್ಚಬೇಕಾಗಿತ್ತು.

ಅದೇ ಸಮಯದಲ್ಲಿ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಸೂಯೆಜ್ ಕಾಲುವೆಯ ಕಾವಲಿಗಿತ್ತು. ಮೂರು ವರ್ಷಗಳ ಬಳಿಕ, ೧೯೧೮ರ ಸೆಪ್ಟೆಂಬರ್ ೨೩ರಂದು ಅದೇ ದಳ ಜೋಧಪುರದ ಅಶ್ವಸೈನಿಕರೊಡನೆ ಹೈಫಾ ನಗರವನ್ನು ಗೆದ್ದಿತು. ಹೈಫಾ ಆಗ ಬೈರೂತ್ ಪ್ರಾಂತಕ್ಕೆ ಸೇರಿತ್ತು ಎಂಬುದನ್ನು ಓದುಗರು ನೆನಪಿಟ್ಟುಕೊಂಡರೆ ಮುಂದಿನ ವಿವಾದ ಸುಲಭವಾಗಿ ತಿಳಿಯುತ್ತದೆ.

ಷರೀಫ್ ಹುಸೇನನೊಡನೆ ಪತ್ರವ್ಯವಹಾರ

೧೯೧೫ರ ಜುಲೈ ೧೪ರ ಪತ್ರದಲ್ಲಿ ಹುಸೇನ್, ತಾನು ತುರ್ಕರ ವಿರುದ್ಧ ಏಳಬೇಕಾದರೆ ಅರಬ್ ಪ್ರದೇಶಗಳ ಸ್ವಾತಂತ್ರ್ಯವನ್ನು ಬ್ರಿಟನ್ ಮಾನ್ಯ ಮಾಡಬೇಕೆಂದು ಕೇಳಿ ಗಡಿಗಳನ್ನೂ ಸೂಚಿಸಿದನು. ಆಗಸ್ಟ್ ೩೦ರ ಉತ್ತರದಲ್ಲಿ ಮೆಕ್‌ಮಹೋನ್, ಗಡಿಯ ಮಾತು ಈಗಲೇ ಬೇಡವೆಂದು ಜಾರಿಕೊಂಡರು. ಅಷ್ಟರಲ್ಲಿ ಗಲಿಪೊಲಿಯ ತುರ್ಕಿ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಮಹಮ್ಮದ್ ಷರೀಫ್ ಅಲ್-ಫಾರೂಕಿ ಎಂಬ ಅರಬ್ ಅಧಿಕಾರಿ, ರಹಸ್ಯ ಸಂಘಗಳ ಬಲವನ್ನು ಬಹಳ ಹಿಗ್ಗಿಸಿ ಹೇಳಿ, ಬ್ರಿಟನ್ ತಡಮಾಡಿದರೆ ಅರಬರು ಜರ್ಮನರ ಕಡೆ ವಾಲುವರೆಂದು ಕೈರೋದ ಅಧಿಕಾರಿಗಳನ್ನು ನಂಬಿಸಿದನು. ಲಂಡನ್ನಿನಿಂದ ವಿದೇಶಾಂಗ ಮಂತ್ರಿ ಎಡ್ವರ್ಡ್ ಗ್ರೇ ಮೆಕ್‌ಮಹೋನರಿಗೆ ವಿವೇಚನಾಧಿಕಾರ ಕೊಟ್ಟರು. ಹೀಗೆ ಅವಸರದಲ್ಲಿ ಸಿದ್ಧವಾದದ್ದೇ ಅಕ್ಟೋಬರ್ ೨೪ರ ಪ್ರಸಿದ್ಧ ಪತ್ರ.

ಹುಸೇನ್ ಕೇಳಿದ ಗಡಿಗಳೊಳಗೆ ಅರಬ್ ಸ್ವಾತಂತ್ರ್ಯವನ್ನು ಬ್ರಿಟನ್ ಬೆಂಬಲಿಸುವುದೆಂದು ಈ ಪತ್ರ ಒಪ್ಪಿತು. ಕೆಲವು ಭಾಗಗಳನ್ನು ಹೊರತುಪಡಿಸಿತು: ಮೆರ್ಸಿನ್ ಮತ್ತು ಅಲೆಕ್ಸಾಂಡ್ರೆಟ್ಟಾ ಒಂದು, ದಮಾಸ್ಕಸ್, ಹೋಮ್ಸ್, ಹಮಾ, ಅಲೆಪ್ಪೊಗಳಿಗೆ ಪಶ್ಚಿಮದಲ್ಲಿರುವ ಸಿರಿಯಾದ ಭಾಗಗಳು ಇನ್ನೊಂದು. ಇವು ಶುದ್ಧವಾಗಿ ಅರಬ್ ಪ್ರದೇಶಗಳಲ್ಲ ಎಂಬುದು ಕೊಟ್ಟ ಕಾರಣ. ಇದಲ್ಲದೆ, ಮಿತ್ರರಾಷ್ಟ್ರವಾದ ಫ್ರಾನ್ಸಿನ ಹಿತಕ್ಕೆ ಧಕ್ಕೆಯಾಗದಂತೆ ವರ್ತಿಸಲು ಬ್ರಿಟನ್ನಿಗೆ ಎಲ್ಲಿ ಸ್ವಾತಂತ್ರ್ಯವಿದೆಯೋ ಆ ಭಾಗಗಳಿಗೆ ಮಾತ್ರ ವಚನ ಅನ್ವಯಿಸುವುದೆಂಬ ಷರತ್ತೂ ಇತ್ತು. ಪತ್ರದಲ್ಲಿ ಪ್ಯಾಲೆಸ್ಟೈನ್ ಎಂಬ ಹೆಸರೇ ಇಲ್ಲ. ಜೆರುಸಲೇಮಿನ ಹೆಸರೂ ಇಲ್ಲ.

ಹುಸೇನ್ ನವೆಂಬರ್ ೫ರಂದು ಮೆರ್ಸಿನ್ ಕಡೆಯ ಹಕ್ಕನ್ನು ಬಿಟ್ಟುಕೊಟ್ಟನು. ಅಲೆಪ್ಪೊ ಮತ್ತು ಬೈರೂತ್ ಪ್ರಾಂತಗಳನ್ನು ಬಿಡಲಿಲ್ಲ. ಅಲ್ಲಿ ಫ್ರಾನ್ಸಿನ ಹಿತಾಸಕ್ತಿ ಇದೆ, ಪರಿಶೀಲನೆ ಬೇಕು ಎಂದು ಮೆಕ್‌ಮಹೋನ್ ಡಿಸೆಂಬರ್ ೧೪ರಂದು ಬರೆದರು. ಯುದ್ಧಕಾಲದಲ್ಲಿ ತಕರಾರು ಮಾಡುವುದಿಲ್ಲ, ಯುದ್ಧ ಮುಗಿದೊಡನೆ ಬೈರೂತನ್ನು ಕೇಳುತ್ತೇನೆ ಎಂದು ೧೯೧೬ರ ಜನವರಿ ೧ರಂದು ಹುಸೇನ್ ತಿಳಿಸಿದನು. ಒಟ್ಟು ಹತ್ತು ಪತ್ರಗಳ ಈ ವ್ಯವಹಾರ ೧೯೧೬ರ ಮಾರ್ಚ್ ೧೦ರಂದು ಕೊನೆಗೊಂಡಿತು. ಗಡಿಯ ಪ್ರಶ್ನೆ ಬಗೆಹರಿಯಲಿಲ್ಲ. ಇದನ್ನು ಒಪ್ಪಂದವೆಂದು ಕರೆಯುವ ಲೇಖನಗಳು ಬಹಳ ಇವೆ. ಎರಡೂ ಕಡೆಯವರು ಸಹಿಮಾಡಿದ ಒಂದು ಒಪ್ಪಂದಪತ್ರ ಎಂದೂ ಇರಲಿಲ್ಲ. ಆದರೂ ಜೂನ್ ತಿಂಗಳಲ್ಲಿ ಹುಸೇನ್ ದಂಗೆಯೆದ್ದದ್ದು ಈ ಪತ್ರಗಳನ್ನು ನಂಬಿಯೇ ಎಂಬುದನ್ನು ಮರೆಯುವಂತಿಲ್ಲ.

ಮೆಕ್‌ಮಹೋನರ ಮನಸ್ಸಿನಲ್ಲಿ ಏನಿತ್ತು? ೧೯೧೫ರ ಡಿಸೆಂಬರಿನಲ್ಲಿ ವೈಸ್‌ರಾಯ್ ಹಾರ್ಡಿಂಜರಿಗೆ ಬರೆದ ಖಾಸಗಿ ಪತ್ರದಲ್ಲಿ, ಬಲಿಷ್ಠವಾದ ಏಕೀಕೃತ ಅರಬ್ ರಾಜ್ಯದ ಕಲ್ಪನೆಯನ್ನು ತಾವು ಗಂಭೀರವಾಗಿ ಪರಿಗಣಿಸಿಲ್ಲವೆಂದೂ, ಅರಬರನ್ನು ಶತ್ರುವಿನಿಂದ ಬೇರ್ಪಡಿಸುವುದೇ ಸದ್ಯದ ಉದ್ದೇಶವೆಂದೂ ಅವರು ತಿಳಿಸಿದ್ದರು. ಪತ್ರಗಳ ಅಸ್ಪಷ್ಟತೆ ಕೇವಲ ಭಾಷೆಯ ದೋಷವಲ್ಲವೆಂದು ಇದರಿಂದ ಊಹಿಸಬೇಕಾಗುತ್ತದೆ.

ವಿಲಾಯತ್ ಪದದ ವಿವಾದ

ಬ್ರಿಟನ್ ೧೯೧೬ರ ಮೇ ತಿಂಗಳಿನ ಸೈಕ್ಸ್–ಪಿಕೋ ಒಪ್ಪಂದದಲ್ಲಿ ಪ್ಯಾಲೆಸ್ಟೈನಿನ ಬಹುಭಾಗಕ್ಕೆ ಅಂತಾರಾಷ್ಟ್ರೀಯ ಆಡಳಿತವನ್ನು ಸೂಚಿಸಿತು. ೧೯೧೭ರ ನವೆಂಬರ್ ೨ರ ಬಾಲ್ಫರ್ ಘೋಷಣೆಯಲ್ಲಿ ಅಲ್ಲಿ ಯೆಹೂದ್ಯರ ರಾಷ್ಟ್ರೀಯ ನೆಲೆಗೆ ಬೆಂಬಲ ಸಾರಿತು. ಆಗ ಅಕ್ಟೋಬರ್ ೨೪ರ ಪತ್ರದ ಪ್ರತಿಯೊಂದು ಪದಕ್ಕೂ ಬೆಲೆ ಬಂದಿತು.

ಇಂಗ್ಲಿಷ್ ಕರಡಿನಲ್ಲಿ ದಮಾಸ್ಕಸ್ ಮುಂತಾದ ನಾಲ್ಕು ಊರುಗಳಿಗೆ ಜಿಲ್ಲೆ ಎಂಬರ್ಥದ ಪದವಿತ್ತು. ಹುಸೇನನ ಕೈಸೇರಿದ ಅರಬ್ಬಿ ಪತ್ರದಲ್ಲಿ ಅದು ವಿಲಾಯತ್ ಆಗಿತ್ತು. ಕನ್ನಡದಲ್ಲಿ ವಿಲಾಯತಿ ಬಟ್ಟೆ, ವಿಲಾಯತಿ ಸರಕು ಎನ್ನುವಾಗ ಬಳಸುವ ಪದವೂ ಇದೇ ಮೂಲದ್ದು. ತುರ್ಕಿ ಆಡಳಿತದಲ್ಲಿ ವಿಲಾಯತ್ ಎಂದರೆ ಒಬ್ಬ ರಾಜ್ಯಪಾಲನ ಕೈಕೆಳಗಿನ ದೊಡ್ಡ ಪ್ರಾಂತ. ಸಾಮಾನ್ಯ ಅರಬ್ಬಿಯಲ್ಲಿ ಊರಿನ ಸುತ್ತಣ ಸೀಮೆ ಎಂದೂ ಅರ್ಥವಾಗಬಹುದು. ನಮ್ಮಲ್ಲಿ ಉಡುಪಿ ಮೈಸೂರಿನ ಪಶ್ಚಿಮಕ್ಕಿದೆ ಎಂದರೆ, ಮೈಸೂರು ನಗರವೆಂದು ತಿಳಿದವನು ಒಪ್ಪಲಾರ, ಉಡುಪಿ ವಾಯವ್ಯಕ್ಕಿದೆ ಎನ್ನುವನು. ಹಳೆಯ ಮೈಸೂರು ಸಂಸ್ಥಾನವೆಂದು ತಿಳಿದವನು ಸರಿ ಎನ್ನುವನು. ವಿವಾದದ ತಿರುಳು ಇಷ್ಟೇ.

ನಾಲ್ಕು ನಗರಗಳೆಂದೇ ತಿಳಿದರೆ ಅವುಗಳ ಪಶ್ಚಿಮಕ್ಕೆ ಸಿಗುವುದು ಲೆಬನಾನ್ ಮತ್ತು ಸಿರಿಯಾದ ಕರಾವಳಿ. ಪ್ಯಾಲೆಸ್ಟೈನ್ ಇರುವುದು ದಮಾಸ್ಕಸ್ಸಿನ ನೈಋತ್ಯಕ್ಕೆ. ಹಾಗಾಗಿ ಅದು ಅರಬರಿಗೆ ವಾಗ್ದಾನವಾದ ಭಾಗದೊಳಗೇ ಬರುತ್ತದೆ. ೧೯೨೨ರ ಶ್ವೇತಪತ್ರದಲ್ಲಿ ವಸಾಹತು ಮಂತ್ರಿ ವಿನ್‌ಸ್ಟನ್ ಚರ್ಚಿಲ್ ಬೇರೆ ಅರ್ಥವನ್ನು ಹಿಡಿದರು. ದಮಾಸ್ಕಸ್ ವಿಲಾಯತ್ ದಕ್ಷಿಣದಲ್ಲಿ ಅಕಾಬಾದವರೆಗೆ ಹಬ್ಬಿತ್ತು, ಆದ್ದರಿಂದ ಜೋರ್ಡಾನ್ ನದಿಯ ಪಶ್ಚಿಮದ ನೆಲವೆಲ್ಲ ಹೊರತಾಗಿದೆ ಎಂಬುದು ಅವರ ವಾದ. ಈ ವಾದಕ್ಕೆ ದೊಡ್ಡ ತೊಡಕಿದೆ. ದಮಾಸ್ಕಸ್ ವಿಲಾಯತ್ ಎಂಬ ಹೆಸರಿನ ಪ್ರಾಂತವಿರಲಿಲ್ಲ. ಇದ್ದದ್ದು ದಮಾಸ್ಕಸ್ ರಾಜಧಾನಿಯಾದ ಸಿರಿಯಾ ವಿಲಾಯತ್. ಹೋಮ್ಸ್ ಮತ್ತು ಹಮಾ ಅದರೊಳಗಿನ ಊರುಗಳು, ಪ್ರಾಂತಗಳಲ್ಲ. ಅಲೆಪ್ಪೊ ವಿಲಾಯತ್ ಸಮುದ್ರವನ್ನೇ ಮುಟ್ಟುತ್ತಿದ್ದುದರಿಂದ ಅದರ ಪಶ್ಚಿಮಕ್ಕೆ ನೆಲವೇ ಇಲ್ಲ. ಜೆರುಸಲೇಮ್ ಪ್ರದೇಶ ನೇರವಾಗಿ ರಾಜಧಾನಿ ಇಸ್ತಾಂಬುಲ್‌ಗೆ ಅಧೀನವಾಗಿತ್ತು. ನಾಬ್ಲುಸ್, ಹೈಫಾ, ಏಕರ್‌ಗಳು ಬೈರೂತ್ ವಿಲಾಯತ್ತಿನವು. ಇವನ್ನು ಹೊರಗಿಡಲು ಇಷ್ಟವಿದ್ದಿದ್ದರೆ ಹೆಸರಿಸುವುದು ಕಷ್ಟವಿರಲಿಲ್ಲ.

ಬ್ರಿಟಿಷರ ಪರವಾಗಿರುವ ಗಟ್ಟಿ ವಾದ ಭೂಗೋಳದ್ದಲ್ಲ, ಫ್ರಾನ್ಸಿನ ಷರತ್ತಿನದು. ೧೯೧೫ರಲ್ಲಿ ಫ್ರಾನ್ಸ್ ಪ್ಯಾಲೆಸ್ಟೈನ್ ಸೇರಿದಂತೆ ಇಡೀ ಸಿರಿಯಾದ ಮೇಲೆ ಹಕ್ಕು ಹೇಳುತ್ತಿತ್ತು. ಅಂಥ ನೆಲವನ್ನು ಕೊಡುವ ಸ್ವಾತಂತ್ರ್ಯ ಮೆಕ್‌ಮಹೋನರಿಗಿರಲಿಲ್ಲ. ಫ್ರಾನ್ಸ್ ಮುಂದೆ ಆ ಹಕ್ಕನ್ನು ಕೈಬಿಟ್ಟ ಮೇಲೆ ಷರತ್ತೂ ಬಿದ್ದುಹೋಯಿತೆಂದು ಅರಬರು ಉತ್ತರಿಸಿದರು.

ಬ್ರಿಟಿಷ್ ಸರ್ಕಾರದೊಳಗೂ ಒಮ್ಮತವಿರಲಿಲ್ಲ. ವಿದೇಶಾಂಗ ಕಚೇರಿಯಲ್ಲಿದ್ದ ಇತಿಹಾಸಕಾರ ಆರ್ನಾಲ್ಡ್ ಟಾಯ್ನ್‌ಬೀ ೧೯೧೮ರಲ್ಲಿ ಪ್ಯಾಲೆಸ್ಟೈನ್ ವಾಗ್ದಾನದೊಳಗಿದೆ ಎಂದೇ ಟಿಪ್ಪಣಿ ಬರೆದರು. ಲಾರ್ಡ್ ಕರ್ಜನ್ ಅದೇ ಡಿಸೆಂಬರಿನಲ್ಲಿ ಸಂಪುಟದ ಉಪಸಮಿತಿಯಲ್ಲಿ ಹಾಗೆಯೇ ಹೇಳಿದರು. ಗ್ರೇ ೧೯೨೩ರಲ್ಲಿ ಲಾರ್ಡ್ಸ್ ಸಭೆಯಲ್ಲಿ ಪತ್ರಗಳನ್ನು ಪ್ರಕಟಿಸುವುದೇ ಲೇಸೆಂದರು. ಸರ್ಕಾರ ಪ್ರಕಟಿಸಲಿಲ್ಲ. ೧೯೩೮ರಲ್ಲಿ ಜಾರ್ಜ್ ಆಂಟೋನಿಯಸ್ ಅರಬ್ ಜಾಗೃತಿಯ ಕುರಿತ ತನ್ನ ಗ್ರಂಥದಲ್ಲಿ ಅರಬ್ಬಿ ಪಾಠವನ್ನು ಇಂಗ್ಲಿಷಿಗೆ ತಂದು ಅಚ್ಚುಹಾಕಿದ ಮೇಲೆ, ೧೯೩೯ರಲ್ಲಿ ಅಧಿಕೃತ ಪ್ರಕಟಣೆ ಹೊರಬಿತ್ತು. ಆ ವರ್ಷ ಲಂಡನ್ನಿನಲ್ಲಿ ಸೇರಿದ ಬ್ರಿಟಿಷ್–ಅರಬ್ ಸಮಿತಿ ಅರ್ಥದ ಬಗ್ಗೆ ಒಮ್ಮತಕ್ಕೆ ಬರಲಿಲ್ಲ. ಅರಬರ ವಾದಕ್ಕೆ ಹಿಂದೆ ತೋರಿದ್ದಕ್ಕಿಂತ ಹೆಚ್ಚಿನ ಬಲವಿದೆ ಎಂಬುದನ್ನು ಬ್ರಿಟಿಷರು ಒಪ್ಪಿದರು. ನಿವಾಸಿಗಳ ಇಚ್ಛೆ ಮತ್ತು ಹಿತವನ್ನು ಕಡೆಗಣಿಸಿ ಪ್ಯಾಲೆಸ್ಟೈನನ್ನು ವಿಲೇವಾರಿ ಮಾಡುವ ಸ್ವಾತಂತ್ರ್ಯ ತಮಗಿರಲಿಲ್ಲವೆಂದೂ ಒಪ್ಪಿದರು. ಮುಂದೆ ಐಸೈಯಾ ಫ್ರೀಡ್‌ಮನ್ ಟಾಯ್ನ್‌ಬೀಯವರೊಡನೆ ವಾದಿಸಿದರು; ಎಲೀ ಕೆದೂರಿ ೧೯೭೬ರಲ್ಲಿ ಈ ಪತ್ರಗಳ ಮೇಲೆಯೇ ಒಂದು ದೊಡ್ಡ ಗ್ರಂಥ ಬರೆದರು.

ವಿದ್ಯಾರ್ಥಿಗಳಿಗೆ ಎದುರಾಗುವ ಪುಸ್ತಕಗಳಲ್ಲಿ ಪ್ಯಾಲೆಸ್ಟೈನನ್ನು ಹೆಸರು ಹಿಡಿದು ಅರಬರಿಗೆ ಕೊಡಲಾಗಿತ್ತು ಎಂಬ ಮಾತೂ ಇರುತ್ತದೆ, ಹುಸೇನ್ ಅದನ್ನು ಬಿಟ್ಟುಕೊಡಲು ಒಪ್ಪಿದ್ದ ಎಂಬ ಮಾತೂ ಇರುತ್ತದೆ. ಹತ್ತು ಪತ್ರಗಳಲ್ಲಿ ಎರಡಕ್ಕೂ ಆಧಾರವಿಲ್ಲ.

ಸ್ವತಃ ಮೆಕ್‌ಮಹೋನರ ಹೇಳಿಕೆ

ಪತ್ರ ಬರೆದವರನ್ನೇ ಕೇಳಿದರೆ ಮುಗಿಯಿತಲ್ಲ ಎಂದು ತೋರಬಹುದು. ಸರ್ಕಾರ ಕೇಳಿತು. ೧೯೨೨ರ ಮಾರ್ಚ್ ೧೨ರಂದು ವಸಾಹತು ಕಚೇರಿಗೆ ಬರೆದ ಉತ್ತರದಲ್ಲಿ, ಉತ್ತರದ ಕರಾವಳಿಯಂತೆ ಪ್ಯಾಲೆಸ್ಟೈನನ್ನೂ ಹೊರಗಿಡುವುದೇ ತಮ್ಮ ಉದ್ದೇಶವಾಗಿತ್ತೆಂದು ಅವರು ಹೇಳಿದರು. ಅರಬರಿಗೆ ಮುಖ್ಯವಾದ ಊರುಗಳನ್ನಷ್ಟೇ ಹೆಸರಿಸಿದ್ದರಿಂದ ಪಟ್ಟಿ ದಮಾಸ್ಕಸ್ಸಿಗೆ ನಿಂತಿತು. ಜೋರ್ಡಾನ್ ನದಿಯನ್ನು ಗಡಿಯಾಗಿ ಹೇಳದಿದ್ದುದು, ಮುಂದೆ ಅದರ ಪೂರ್ವಕ್ಕೆ ಇನ್ನೂ ಉತ್ತಮ ಗಡಿ ದೊರೆಯಬಹುದೆಂದು. ೧೯೩೭ರ ಜುಲೈ ೨೩ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಪತ್ರದಲ್ಲಿ ಇದನ್ನೇ ಪುನರುಚ್ಚರಿಸಿ, ಹುಸೇನನಿಗೂ ಇದು ತಿಳಿದಿತ್ತೆಂದು ನಂಬಲು ಕಾರಣವಿತ್ತು ಎಂದರು. ಹುಸೇನ್ ೧೯೩೧ರಲ್ಲಿಯೇ ತೀರಿಕೊಂಡಿದ್ದನು. ಗಮನಿಸಬೇಕಾದ ಅಂಶವೆಂದರೆ, ೧೯೨೨ರ ಅವರ ವಿವರಣೆಯಲ್ಲಿ ಚರ್ಚಿಲ್ ಹೂಡಿದ ವಿಲಾಯತ್ ವಾದವೇ ಇಲ್ಲ. ಏಳು ವರ್ಷಗಳ ನಂತರ ಹೇಳಿದ ಉದ್ದೇಶವನ್ನು ಅಂದಿನ ಪತ್ರದ ಮಾತಿಗೆ ಸಮನಾಗಿ ಎಣಿಸಬಹುದೇ ಎಂಬುದರಲ್ಲಿ ಇತಿಹಾಸಕಾರರು ಭಿನ್ನರಾಗಿದ್ದಾರೆ.

ಕೊನೆಯ ವರ್ಷಗಳು

೧೯೧೬ರ ಅಂತ್ಯದಲ್ಲಿ ಅವರನ್ನು ಕೈರೋದಿಂದ ಹಿಂದಕ್ಕೆ ಕರೆಸಿ ರೆಜಿನಾಲ್ಡ್ ವಿಂಗೇಟರನ್ನು ನೇಮಿಸಲಾಯಿತು. ೧೯೧೯ರಲ್ಲಿ ಸಿರಿಯಾ ಮತ್ತು ಪ್ಯಾಲೆಸ್ಟೈನಿನ ಜನಾಭಿಪ್ರಾಯ ತಿಳಿಯಲು ಯೋಜಿಸಿದ್ದ ಮಿತ್ರರಾಷ್ಟ್ರಗಳ ಆಯೋಗಕ್ಕೆ ಡಿ. ಜಿ. ಹೊಗಾರ್ತ್ ಜೊತೆ ಬ್ರಿಟನ್ನಿನ ಸದಸ್ಯರಾಗಿ ನೇಮಕಗೊಂಡರು. ಬ್ರಿಟನ್ ಹಿಂಜರಿದು, ಅಮೆರಿಕದ ಸದಸ್ಯರು ಮಾತ್ರ ಹೋಗಿಬಂದರು. ತಮ್ಮ ಪತ್ರ ಮುಟ್ಟಿದ ನೆಲದ ಜನರ ಮಾತನ್ನು ಕೇಳುವ ಅವಕಾಶ ಹೀಗೆ ತಪ್ಪಿತು. ಅನಂತರ ಅವರು ಯಾವ ದೊಡ್ಡ ರಾಜಕೀಯ ಹುದ್ದೆಯನ್ನೂ ವಹಿಸಲಿಲ್ಲ.

೧೮೮೬ರಲ್ಲಿ ಮೇರಿ ಎವೆಲಿನ್ ಬ್ಲಾಂಡ್ ಅವರನ್ನು ವಿವಾಹವಾಗಿದ್ದ ಮೆಕ್‌ಮಹೋನರಿಗೆ ಇಬ್ಬರು ಹೆಣ್ಣುಮಕ್ಕಳು. ಪ್ಯಾಲೆಸ್ಟೈನಿನಲ್ಲಿ ಬ್ರಿಟಿಷ್ ಆಡಳಿತ ಮುಗಿದು ಇಸ್ರೇಲ್ ಸ್ಥಾಪನೆಯಾದ ಮರುವರ್ಷ, ೧೯೪೯ರ ಡಿಸೆಂಬರ್ ೨೯ರಂದು, ತಮ್ಮ ೮೭ನೆಯ ವಯಸ್ಸಿನಲ್ಲಿ ಅವರು ಲಂಡನ್ನಿನಲ್ಲಿ ನಿಧನರಾದರು.