ಲೆಕ್ಕಕ್ಕೆ ಸಿಗದ ಸಂತೋಷ

ಫರ್ಡಿನೆಂಡ್ ಕಿಟೆಲ್ ಅಂದರೆ ನಿಘಂಟು. ಶಾಲೆಯಲ್ಲಿ ನಮಗೆ ಗೊತ್ತಿದ್ದದ್ದು ಅಷ್ಟೇ, ಒಂದು ಅಂಕದ ಪ್ರಶ್ನೆಗೆ ಅದು ಸಾಕೂ ಆಗಿತ್ತು. ಆ ಮನುಷ್ಯನ ಬದುಕು ಹೇಗಿತ್ತು ಅಂತ ಓದಿದ್ದು ಬಿಇ ಸೇರಿದ ಮೇಲೆ. ಓದಲು ಕಾರಣವೂ ನಿಘಂಟಲ್ಲ, ಚರ್ಚಿನಲ್ಲಿ ಕೇಳಿದ ಒಂದು ಮಾತು.

ಕಷ್ಟದಲ್ಲೂ ಕ್ರಿಸ್ತನಲ್ಲಿ ನೆಲೆಗೊಂಡ ಸಂತೋಷ ಬತ್ತುವುದಿಲ್ಲ ಅಂತ ನಮ್ಮ ಕೆಜಿಎಫ್‌ನ ಚರ್ಚುಗಳಲ್ಲಿ ಆಗಾಗ ಕೇಳುತ್ತೇವೆ. ಸಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ ತುಂಬ ಸಂತೋಷದ ಮಾತೇ ಇದೆ, ಅದನ್ನು ಬರೆಯುವಾಗ ಅವನು ಸೆರೆಯಲ್ಲಿದ್ದ. ಕೇಳಲು ಚೆನ್ನಾಗಿದೆ. ಆದರೆ ಕೇಳುತ್ತಾ ಕೂತವರು ಯಾರು? 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರು, ಅವರ ಮಕ್ಕಳು. ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನಲ್ಲಿ ದುಡಿದು ರಾತ್ರಿ ವಾಪಸಾಗುವವರು. ಇವರಿಗೆ ಸಂತೋಷವಾಗಿರಿ ಅನ್ನುವುದು ನ್ಯಾಯವೇ? ನನಗೆ ಈ ಪ್ರಶ್ನೆ ಬಹಳ ದಿನ ಇತ್ತು. ಕಿಟೆಲ್ ಬದುಕು ಇದಕ್ಕೆ ಪೂರ್ತಿ ಉತ್ತರ ಅಂತ ಹೇಳಲಾರೆ. ಆದರೂ ನಾನು ಓದಿದ ಬೇರೆ ಯಾವ ಕಥೆಗಿಂತಲೂ ಅದು ಉತ್ತರದ ಹತ್ತಿರ ಬರುತ್ತದೆ.

ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ಒಂದು ಸಣ್ಣ ಊರಿನಲ್ಲಿ. ತಂದೆ ಪಾದ್ರಿ. ಅದೇ 1832ರಲ್ಲಿ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು ಅನ್ನುವುದು ಕಾಕತಾಳೀಯ, ನನಗೆ ಇಂಥವು ಇಷ್ಟ. ಹುಡುಗ ಭಾಷೆಗಳಲ್ಲಿ ಜಾಣ. ಬಾಸೆಲ್ ಮಿಷನ್ ಸೇರಿ 1853ರಲ್ಲಿ, 21ರ ವಯಸ್ಸಿನಲ್ಲಿ ಭಾರತಕ್ಕೆ ಬಂದರು. ಈಗ ನನ್ನ ತರಗತಿಯಲ್ಲಿ ಕೂತಿರುವವರ ವಯಸ್ಸು ಅದು. ನಾವು ಕ್ಯಾಂಪಸ್ ಇಂಟರ್‌ವ್ಯೂಗೆ ಯಾವ ಬಣ್ಣದ ಅಂಗಿ ಹಾಕಬೇಕು ಅಂತ ಚರ್ಚೆ ಮಾಡುತ್ತಿದ್ದೇವೆ.

ಮಂಗಳೂರು, ಧಾರವಾಡ, ಮಡಿಕೇರಿ ಅಂತ ಅವರ ದಿನಗಳು ಕಳೆದವು. ಮಿಷನರಿ ಅಂದ ಮೇಲೆ ಬಂಗಲೆಯಲ್ಲಿದ್ದು ಉಪದೇಶ ಮಾಡಿ ಬರಬೇಕು ಅನ್ನುವ ರೂಢಿ ಅವರಿಗೆ ಒಗ್ಗಲಿಲ್ಲ. ಹಳ್ಳಿಗಳಲ್ಲಿ ನಡೆದಾಡಿ, ಜನರ ಮಾತು ಕೇಳಿ, ಕನ್ನಡದವರ ನಡುವೆ ಕನ್ನಡದವನಾಗಬೇಕು ಅನ್ನುವ ಆಸೆ. ಜೊತೆಯ ಎಷ್ಟೋ ಮಿಷನರಿಗಳಿಗೆ ಇದು ಹಿಡಿಸಲಿಲ್ಲ. ಹಳಗನ್ನಡ ಕಾವ್ಯ, ವ್ಯಾಕರಣ, ಛಂದಸ್ಸು ಅಂತ ಕೂರುವ ಪಾದ್ರಿ ಯಾರಿಗೆ ಬೇಕು? ಎಷ್ಟು ಜನರನ್ನು ಸಭೆಗೆ ಸೇರಿಸಿದೆ ಅನ್ನುವುದು ಅಲ್ಲಿನ ಲೆಕ್ಕ. ಆ ಲೆಕ್ಕದಲ್ಲಿ ಕಿಟೆಲ್ ಹೆಸರು ದೊಡ್ಡದಾಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಟಾರ್ಗೆಟ್ ಮುಟ್ಟದ ಉದ್ಯೋಗಿ.

ಹೀಗಿರುವಾಗ 1862ರಲ್ಲಿ ಅವರು ಮಾಡಿದ್ದೇನು? ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಪದ್ಯವಾಗಿ ಬರೆದು ‘ಕಥಾಮಾಲೆ’ ಅಂತ ಪ್ರಕಟಿಸಿದರು. ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಉಪದೇಶಕ್ಕೆ ಸರಳ ಗದ್ಯ ಸಾಕಿತ್ತು. ಪರದೇಶದ ಭಾಷೆಯ ಮಾತ್ರೆ, ಗಣ, ಪ್ರಾಸ ಕಲಿತು, ಅದರಲ್ಲಿ ತನ್ನ ದೇವರ ಕಥೆ ಹೆಣೆಯಲು ಕೂರುವವನು ಕರ್ತವ್ಯಕ್ಕಾಗಿ ಮಾತ್ರ ಕೂರುವುದಿಲ್ಲ. ಮನೆಯಲ್ಲಿ ಹಬ್ಬವಿದ್ದಾಗ ಯಾರೂ ಹೇಳದೆಯೇ ಬಾಗಿಲಿಗೆ ತೋರಣ ಕಟ್ಟುತ್ತೇವಲ್ಲ, ಅಂಥದ್ದು ಅದು. ಕಿಟೆಲ್ ನಗುಮುಖದ, ಹರಟೆಯ ಮನುಷ್ಯ ಅಂತ ನಾನು ಎಲ್ಲೂ ಓದಿಲ್ಲ. ಸಂತೋಷ ಅಂದರೆ ಹಲ್ಲು ಕಾಣುವ ಫೋಟೊ ಅಂತ ನಾವು ಅಂದುಕೊಂಡಿದ್ದರೆ ಅದು ನಮ್ಮ ಕಾಲದ ಕಾಯಿಲೆ.

ಆಮೇಲೆ ಸಾವು ಬಂತು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಹೆಂಡತಿ ಪೌಲಿನ್ ತೀರಿಕೊಂಡರು. ಮುಂದೆ ಆಕೆಯ ಸಹೋದರಿ ಜೂಲಿ ಅವರನ್ನು ಕಿಟೆಲ್ ಮದುವೆಯಾದರು. ಆ ದಿನಗಳಲ್ಲಿ ಅವರ ಮನಸ್ಸು ಹೇಗಿತ್ತು ಅಂತ ಊಹಿಸಿ ಬರೆಯುವುದು ನನಗೆ ಸರಿಯೆನಿಸುವುದಿಲ್ಲ. ಕಣ್ಣಿಗೆ ಕಾಣುವುದು ಕೆಲಸ ಮಾತ್ರ, ಅದು ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸಿದರು. ಇದರ ಜೊತೆಗೆ ನಿಘಂಟು.

ನಿಘಂಟಿನದು ಹತ್ತಾರು ವರ್ಷಗಳ ಕೆಲಸ. ಕಂಪ್ಯೂಟರ್ ಇಲ್ಲ, ಹುಡುಕು ಅಂದರೆ ಹುಡುಕಿ ಕೊಡುವ ಯಂತ್ರವಿಲ್ಲ. ಹಳೆಯ ಕಾವ್ಯದ ಪದ ಒಂದು ಕಡೆ, ಜನರ ಬಾಯಿಯ ಗಾದೆ ಇನ್ನೊಂದು ಕಡೆ. ಊರಿನ ಪಂಡಿತರು ಕೈಜೋಡಿಸಿದರು. ನಡುವೆ ಸ್ವದೇಶಕ್ಕೆ ಹೋದರೂ ಈ ಕೆಲಸಕ್ಕಾಗಿ ಮತ್ತೆ ಇಲ್ಲಿಗೆ ಬಂದರು. ಕೊನೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅದು ಅಚ್ಚಾಯಿತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಅದೇ 1894ರಲ್ಲಿ ನಮ್ಮಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಶುರುವಾಯಿತು. ಇಲ್ಲಿ ನೆಲದಡಿಯಿಂದ ಚಿನ್ನ ತೆಗೆಯುತ್ತಿದ್ದಾಗ ಅಲ್ಲಿ ಒಬ್ಬರು ಮಾತು ಅಗೆದು ತೆಗೆಯುತ್ತಿದ್ದರು. ನಮ್ಮ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಹೋಗಿ ಮುಚ್ಚಿತು. ನಿಘಂಟು ಇನ್ನೂ ಬಳಕೆಯಲ್ಲಿದೆ.

ನಮ್ಮ ಮನೆಮಾತು ತಮಿಳು. ಕೆಜಿಎಫ್‌ನಲ್ಲಿ ಇದು ವಿಶೇಷವೇನಲ್ಲ. ಕನ್ನಡ ನನಗೆ ಶಾಲೆಯಿಂದ, ಬೀದಿಯಿಂದ ಬಂತು. ಕಿಟೆಲ್ ತಮ್ಮ ನಿಘಂಟಿನಲ್ಲಿ ಕನ್ನಡ ಪದಗಳ ಪಕ್ಕ ತಮಿಳು, ತೆಲುಗು, ಮಲಯಾಳ, ತುಳುವಿನ ನಂಟರನ್ನೂ ಕೂರಿಸಿದ್ದಾರೆ. ಅಜ್ಜಿಯ ಪೊನ್ನು, ಮೇಷ್ಟರ ಹೊನ್ನು ಒಂದೇ ಮನೆಯವು ಅಂತ ತಿಳಿಯಲು ಬಂಗಾರದ ಊರಿನ ನನಗೆ ಜರ್ಮನಿಯ ಪಾದ್ರಿ ಬೇಕಾಯಿತು.

ಇದು ವಿದ್ವಾಂಸನ ಸಂತೋಷ, ಕ್ರೈಸ್ತ ಸಂತೋಷ ಹೇಗಾಗುತ್ತದೆ ಅಂತ ನನ್ನ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಕಿಟೆಲ್ ಎರಡನ್ನೂ ಬೇರೆ ಮಾಡಿದಂತೆ ನನಗೆ ಕಾಣುವುದಿಲ್ಲ. ತನ್ನನ್ನು ಪ್ರೀತಿಸಿದ ದೇವರು ಈ ಜನರನ್ನೂ ಪ್ರೀತಿಸುತ್ತಾನೆ ಅಂದ ಮೇಲೆ ಈ ಜನರ ಒಂದೊಂದು ಮಾತೂ ಎತ್ತಿಡಲು ತಕ್ಕದ್ದು. ಹಾಗೆ ನಂಬಿದವನಿಗೆ ಹೊಗಳಿಕೆ ಸಂಬಳದ ಮೇಲೆ ಬರುವ ಬೋನಸ್ಸು, ಬಾರದಿದ್ದರೂ ಕೆಲಸ ನಡೆಯುತ್ತದೆ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರಿಲ್ಲದ ದಿನ ನನಗೆ ಬೇಕಾದದ್ದು ಬಹುಶಃ ಇದೇ: ಪಟ್ಟಿಯ ಆಚೆಗೂ ನನ್ನ ಬೆಲೆ ಗೊತ್ತಿರುವ ಒಬ್ಬನು. ಗಣಿ ಮುಚ್ಚಿದ ಮೇಲೂ ಕ್ರಿಸ್‌ಮಸ್‌ಗೆ ಮನೆಗೆ ಸುಣ್ಣ ಬಳಿದು ನಕ್ಷತ್ರ ಕಟ್ಟಿದವರಿಗೆ ಇದು ನನಗಿಂತ ಮೊದಲೇ ಗೊತ್ತಿತ್ತು. ಹಾಗಂತ ಅವರಿಗೆ ಕೆಲಸ ಬೇಕಿರಲಿಲ್ಲ ಅಂತಲ್ಲ. ಸಂತೋಷದ ಹೆಸರಲ್ಲಿ ಹಸಿವನ್ನು ಸಮಾಧಾನ ಮಾಡುವ ಉಪದೇಶ ನನಗೆ ಈಗಲೂ ಒಪ್ಪಿಗೆಯಿಲ್ಲ.

ಕಿಟೆಲ್ ಕೊನೆಯ ವರ್ಷಗಳನ್ನು ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕಳೆದರು. ಅಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟು ಹೊತ್ತಿಗೆ ವಯಸ್ಸು 64. ವಿಶ್ರಾಂತಿ ತೆಗೆದುಕೊಳ್ಳಬಹುದಿತ್ತು. ಅವರು ಕನ್ನಡ ವ್ಯಾಕರಣ ಬರೆಯಲು ಕೂತರು. 1903ರಲ್ಲಿ ಅದು ಅಚ್ಚಾಗಿ ಬಂತು, ಆ ವರ್ಷದ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಕೆಲವು ದಿನ ಇರುವಾಗ, ಅವರು ತೀರಿಕೊಂಡರು.