ನಿಘಂಟುಕಾರ ಕಿಟ್ಟೆಲ್

ಮಂಗಳೂರು ನಗರದ ದೇರೆಬೈಲ್ ಎಂಬ ಹೆಸರಿನ ಕೊನೆಯಲ್ಲಿ ‘ಬೈಲ್’ ಎಂಬ ಮಾತಿದೆ. ಅದು ‘ಬಯಲು’ ಎಂಬುದರ ಇನ್ನೊಂದು ರೂಪ. ಕರಾವಳಿಯಲ್ಲಿ ಬೈಲು ಎಂದರೆ ಗುಡ್ಡಗಳ ನಡುವಣ ತಗ್ಗಿನಲ್ಲಿರುವ ಗದ್ದೆಗಳ ಹರಹು. ಘಟ್ಟದ ಮೇಲಿನವರಿಗೆ ಬಯಲು ಎಂದರೆ ಕಣ್ಣು ಹಾಯುವವರೆಗೂ ಚಾಚಿದ ಸಮತಟ್ಟಾದ ನೆಲ. ವಚನಕಾರರಲ್ಲಿ ಅದೇ ಮಾತು ಶೂನ್ಯವನ್ನು ಸೂಚಿಸುತ್ತದೆ. ಗುಟ್ಟು ಬಯಲಾಯಿತು ಎನ್ನುವಾಗ ನೆಲದ ಮಾತೇ ಇಲ್ಲ. ಇಂತಹ ಶಬ್ದವನ್ನು ಇಂಗ್ಲಿಷಿನಲ್ಲಿ ವಿವರಿಸಹೊರಟವನು ಒಂದೇ ಸಮಾನಪದವನ್ನು ಬರೆದು ಮುಂದೆ ಸಾಗಲಾರ. ಒಂದೊಂದು ಅರ್ಥಕ್ಕೂ ತಕ್ಕ ಇಂಗ್ಲಿಷ್ ಪದವನ್ನು ಅರಸಬೇಕು. ಆ ಅರ್ಥ ಎಲ್ಲಿ ಹೇಗೆ ಬಳಕೆಯಾಗಿದೆ ಎಂಬುದನ್ನು ಪ್ರಯೋಗದಿಂದ ತೋರಿಸಬೇಕು. ಸುಮಾರು 70,000 ಶಬ್ದಗಳ ವಿಷಯದಲ್ಲಿ ಈ ಹೊಣೆಯನ್ನು ಹೊತ್ತವರು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್. ಅವರು ಜರ್ಮನ್ ದೇಶದವರು. ಕನ್ನಡವೂ ಅವರ ತಾಯ್ನುಡಿಯಲ್ಲ, ಇಂಗ್ಲಿಷೂ ಅಲ್ಲ.

ಕಿಟ್ಟೆಲ್ ಅವರು 1832ರ ಏಪ್ರಿಲ್ ತಿಂಗಳಿನಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬಲ್ಲಿ ಜನಿಸಿದರು. 1850ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿ, 1853ರಲ್ಲಿ ಧರ್ಮಪ್ರಚಾರಕರಾಗಿ ಭಾರತಕ್ಕೆ ಬಂದರು. ಧಾರವಾಡದ ಸೀಮೆಯಲ್ಲಿ ಕನ್ನಡವನ್ನು ಕಲಿಯತೊಡಗಿದರು. ಮುಂದೆ ಮಂಗಳೂರು, ಮಡಿಕೇರಿಗಳಲ್ಲಿಯೂ ನೆಲಸಿದರು. ಬಂದ ಉದ್ದೇಶವನ್ನು ಅವರು ಮರೆತವರಲ್ಲ. 1862ರಲ್ಲಿ ಪ್ರಕಟವಾದ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದರು. ಆದರೆ ಜನರ ನುಡಿಯನ್ನು ಅರಿಯಬೇಕೆಂಬ ಹಂಬಲ ಅವರನ್ನು ಅಲ್ಲಿಗೇ ನಿಲ್ಲಗೊಡಲಿಲ್ಲ. ಪ್ರಚಾರಕ್ಕೆಂದು ಬಂದವರು ಹಳೆಯ ಓಲೆಗರಿಗಳ ಮುಂದೆ ಕುಳಿತರು.

ಕನ್ನಡ ಶಬ್ದಗಳಿಗೆ ಇಂಗ್ಲಿಷ್ ಅರ್ಥವನ್ನು ಕೊಡುವ ಕೋಶ ಆಗ ಇರಲಿಲ್ಲವೆಂದಲ್ಲ. ವಿಲಿಯಂ ರೀವ್ ಎಂಬವರ ಕೋಶ 1832ರಲ್ಲಿಯೇ, ಎಂದರೆ ಕಿಟ್ಟೆಲ್ ಅವರು ಹುಟ್ಟಿದ ವರ್ಷದಲ್ಲಿಯೇ, ಹೊರಬಂದಿತ್ತು. ಅದರಿಂದ ಕಿಟ್ಟೆಲ್ ಅವರಿಗೆ ತೃಪ್ತಿಯಾಗಲಿಲ್ಲ. ಶಬ್ದದ ಅರ್ಥಕ್ಕೆ ಕವಿಯ ಪ್ರಯೋಗವೂ ಜನರ ಆಡುಮಾತೂ ಸಾಕ್ಷಿಯಾಗಬೇಕೆಂಬುದು ಅವರ ಮತ. ಸಾಕ್ಷಿ ಬೇಕಾದರೆ ಶುದ್ಧವಾದ ಗ್ರಂಥಪಾಠ ಬೇಕು. ಆದುದರಿಂದ ಅವರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ ಪ್ರಕಟಿಸಿದರು. ಇವೆರಡೇ ಸಾಕು, ಒಬ್ಬ ವಿದ್ವಾಂಸನ ಹೆಸರು ಉಳಿಯಲು! ಅವರಿಗಾದರೋ ಇವು ನಿಘಂಟಿನ ಅಡಿಗಲ್ಲುಗಳು.

ಆ ಗ್ರಂಥದ ಯಾವ ಪುಟವನ್ನು ತೆರೆದರೂ ಅವರ ಶ್ರಮ ಕಾಣುತ್ತದೆ. ಮೊದಲು ಕನ್ನಡ ಲಿಪಿಯಲ್ಲಿ ಶಬ್ದ, ಬಳಿಕ ರೋಮನ್ ಲಿಪಿಯಲ್ಲಿ ಅದರ ಉಚ್ಚಾರಣೆ, ಅನಂತರ ಇಂಗ್ಲಿಷಿನಲ್ಲಿ ಅದರ ನಾನಾರ್ಥಗಳು. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿ ಅದರ ಬಂಧುಗಳಿದ್ದರೆ ಅವನ್ನೂ ಹೇಳುತ್ತಾರೆ. ಶಬ್ದ ಸಂಸ್ಕೃತದಿಂದ ಬಂದುದಾದರೆ ಅದಕ್ಕೂ ಗುರುತುಂಟು. ಎಲ್ಲಕ್ಕಿಂತ ಮಿಗಿಲಾದುದು ಪ್ರಯೋಗಗಳು. ಕಾವ್ಯದ ಸಾಲಿನ ಪಕ್ಕದಲ್ಲಿಯೇ ಹಳ್ಳಿಯ ಗಾದೆಗೂ ಅವರು ಪೀಠವನ್ನಿಟ್ಟಿದ್ದಾರೆ. ಒಲೆಯ ಮುಂದಿನ ಮಾತು ಪಂಪನ ಮಾತಿಗಿಂತ ಕೀಳೆಂದು ನಿಘಂಟುಕಾರ ಬಗೆಯಬಾರದಷ್ಟೆ. ಕನ್ನಡವನ್ನು ಕಲಿಯುವ ವಿದೇಶೀಯರ ಉಪಯೋಗಕ್ಕೆಂದು ಬರೆದ ಆ ಇಂಗ್ಲಿಷ್ ಅರ್ಥಗಳು ಮುಂದೆ ಇಂಗ್ಲಿಷನ್ನು ಕಲಿಯುವ ಕನ್ನಡಿಗರಿಗೂ ಒದಗಿಬಂದವು.

ಈ ಕೆಲಸಕ್ಕೆ ಸುಮಾರು ಎರಡು ದಶಕಗಳು ಹಿಡಿದವು. 1877ರಲ್ಲಿ ಸ್ವದೇಶಕ್ಕೆ ಮರಳಿದ ಕಿಟ್ಟೆಲ್ ಅವರು ನಿಘಂಟಿಗಾಗಿಯೇ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. ದೇಶೀಯ ಪಂಡಿತರು ಅವರಿಗೆ ನೆರವಾದರು. 1892ರಲ್ಲಿ ಅವರು ಕೊನೆಯ ಬಾರಿಗೆ ಈ ನಾಡನ್ನು ಬಿಟ್ಟರು. 1,700ಕ್ಕೂ ಹೆಚ್ಚು ಪುಟಗಳ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಾಗ, ಅದರ ಕರ್ತೃ ಮಂಗಳೂರಿನಲ್ಲಿರಲಿಲ್ಲ.

1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಎಪ್ಪತ್ತರ ಅಂಚಿನಲ್ಲಿಯೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಳಗೊಂಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ರಚಿಸಿದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ತೀರಿಕೊಂಡರು. ಅವರ ನಿಘಂಟನ್ನು ಪ್ರೊಫೆಸರ್ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾನಿಲಯವು ಅದನ್ನು 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದಿತು.